ಈರುಳ್ಳಿ ಬೆಳ್ಳುಳ್ಳಿ ತಿನ್ನದ ಅಮ್ಮನನ್ನು ತೈಪೆಯ ನೈಟ್ ಮಾರ್ಕೆಟ್‌ಗೆ ಕರೆದುಕೊಂಡು ಹೋಗಬಹುದಾ?

ಚಿಪ್ಪುಹುಳು

ಎಲ್ಲರಿಗೂ ನಮಸ್ಕಾರ. ನಾನು ತೈವಾನಿನ ಶಿನ್‌ಚುವಿನಲ್ಲಿ ಚಿಪ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಬಂದು ಎರಡು ವರ್ಷ ಆಯಿತು. ಮುಂದಿನ ತಿಂಗಳು ಸಾಗರದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಇದೇ ಮೊದಲ ವಿಮಾನ.

ಸಮಸ್ಯೆ ಏನಪ್ಪಾ ಅಂದರೆ, ಅಮ್ಮ ಯೂಟ್ಯೂಬಿನಲ್ಲಿ ತೈಪೆಯ ನೈಟ್ ಮಾರ್ಕೆಟ್ ನೋಡಿಬಿಟ್ಟಿದ್ದಾಳೆ. "ಆ ದೀಪದ ಸಂತೆಗೆ ಕರ್ಕೊಂಡು ಹೋಗ್ತೀಯಲ್ವಾ" ಅಂತ ಪ್ರತಿ ಫೋನಿನಲ್ಲೂ ಕೇಳುತ್ತಾಳೆ. ಅವಳು ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಹೊರಗೆ ಚಹಾ ಕುಡಿಯಬೇಕಾದರೂ ಮೊದಲು ಲೋಟ ತಿರುಗಿಸಿ ನೋಡುವವಳು. ಅಪ್ಪನದ್ದು ತೊಂದರೆ ಇಲ್ಲ, ಅಮ್ಮ ಆ ಕಡೆ ತಿರುಗಿದರೆ ಆಮ್ಲೆಟ್ ತಿನ್ನುತ್ತಾರೆ.

ಎರಡು ವರ್ಷದಿಂದ ನೈಟ್ ಮಾರ್ಕೆಟ್‌ಗೆ ಹೋಗಿ ಬಬಲ್ ಟೀ ಕುಡಿದು, ಸುಟ್ಟ ಜೋಳ ತಿಂದು ವಾಪಸ್ ಬಂದವನು ನಾನು. ಅವಳಿಗೆ ಅಲ್ಲಿ ಏನು ಕೊಡಿಸಲಿ? ಆಫೀಸಿನ ಗೆಳೆಯ "ಅಲ್ಲಿ ಮಾರುವ ಹುಳಿಬರಿಸಿದ ತೋಫು, ಅದೇ ಸೋಯಾ ಪನೀರ್, ಅದರ ವಾಸನೆಗೆ ನಿಮ್ಮಮ್ಮ ಗೇಟಿನಲ್ಲೇ ವಾಂತಿ ಮಾಡಿಕೊಳ್ಳುತ್ತಾರೆ" ಅಂತ ಬೇರೆ ಹೆದರಿಸಿದ್ದಾನೆ. ಅನುಭವ ಇರುವವರು ಹೇಳಿ.

ಕುಡ್ಲದ ಬಂಗುಡೆ

ಗುರು, ಅಮ್ಮನನ್ನು ದೇವಸ್ಥಾನದ ಕಟ್ಟೆ ಮೇಲೆ ಕೂರಿಸು. ಅಪ್ಪನನ್ನು ನನ್ನ ಜೊತೆ ಕಳಿಸು. ನನ್ನ ಹಾಗೆ ಮರುವಾಯಿ ಚಿಪ್ಪು ತಿಂದು ಬೆಳೆದವನಿಗೆ ಅಲ್ಲಿನ ಸಿಂಪಿ ಆಮ್ಲೆಟ್ ಅಂದರೆ ಸ್ವರ್ಗ. ಮೊಟ್ಟೆ, ಸಿಂಪಿ, ಗೆಣಸಿನ ಹಿಟ್ಟಿನ ಅಂಟು, ಮೇಲೆ ಸಿಹಿ ಖಾರದ ಕೆಂಪು ಸಾಸ್. 😀

ಗೆಣಸಿನ ಬೋಂಡ

ಬಂಗುಡೆ ಮಾತು ಕೇಳಬೇಡಿ. ಧಾರಾಳವಾಗಿ ಕರೆದುಕೊಂಡು ಹೋಗಿ. ನಾನು ತೈಪೆಯಲ್ಲಿ ಎಂಟು ವರ್ಷದಿಂದ ಇದ್ದೇನೆ, ನಮ್ಮ ಅತ್ತೆ ಮೂರು ಸಲ ಬಂದು ಹೋಗಿದ್ದಾರೆ, ಅವರೂ ನಿಮ್ಮ ಅಮ್ಮನ ಹಾಗೆಯೇ.

ನಿಮಗೆ ಬೇಕಾಗಿರುವುದು ಒಂದೇ ಪದ: "ಸು". ಸಸ್ಯಾಹಾರ ಅಂತ ಅರ್ಥ. "ವೊ ಚಿ ಸು" ಅಂದರೆ ನಾನು ಸಸ್ಯಾಹಾರಿ. ಇಷ್ಟು ಹೇಳಿದರೆ ಅಂಗಡಿಯವರು ಮುಖ ಗಂಟು ಹಾಕುವುದಿಲ್ಲ. ಸಾಮಾನ್ಯವಾಗಿ ತಿರುಗಿ ಅವರೇ ಕೇಳುತ್ತಾರೆ: ಮೊಟ್ಟೆ ಹಾಲು ನಡೆಯುತ್ತದಾ? ಈರುಳ್ಳಿ ಬೆಳ್ಳುಳ್ಳಿ? ಯುರೋಪಿನಲ್ಲಿ ನಾನು ಬೆಳ್ಳುಳ್ಳಿ ಬೇಡ ಅಂದಾಗ ಅಲರ್ಜಿನಾ ಅಂತ ಕೇಳಿದ್ದರು. ಇಲ್ಲಿ ಆ ಕಥೆಯೇ ಇಲ್ಲ. ಬೌದ್ಧರ ಸಸ್ಯಾಹಾರದಲ್ಲಿ ಈರುಳ್ಳಿ ಬೆಳ್ಳುಳ್ಳಿ ಮೊದಲಿನಿಂದಲೂ ನಿಷಿದ್ಧ. ಅದನ್ನೂ ಬಿಟ್ಟ ಊಟಕ್ಕೆ "ಚ್ವಾನ್ ಸು" ಅನ್ನುತ್ತಾರೆ, ಪೂರ್ತಿ ಸು. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಅಂಗಡಿಯಲ್ಲಿ ಸು ಅಂತ ಮಾರುವ ಪ್ಯಾಕೆಟ್ ಮೇಲೆ ಇವುಗಳಲ್ಲಿ ಯಾವ ಬಗೆ ಅಂತ ಬರೆಯಬೇಕೆಂದು ಸರ್ಕಾರದ ನಿಯಮವೇ ಇದೆ.

ಆ ಅಕ್ಷರ ಗುರುತಿಟ್ಟುಕೊಳ್ಳಿ. ಮೇಲೆ ಮೂರು ಅಡ್ಡಗೆರೆ, ಅವುಗಳ ನಡುವೆ ಇಳಿಯುವ ಒಂದು ನೇರ ಗೆರೆ, ಕೆಳಗೆ ದಾರ ಸುತ್ತಿದ ಹಾಗೆ ಒಂದು ಗಂಟು. ಕೆಲವು ಅಂಗಡಿಗಳ ಬೋರ್ಡಿನಲ್ಲಿ ನಮ್ಮ ಸ್ವಸ್ತಿಕ ಉಲ್ಟಾ ಇರುತ್ತದೆ. ನಮ್ಮತ್ತೆ ಅದನ್ನು ನೋಡಿದ ಕೂಡಲೇ ಚಪ್ಪಲಿ ಬಿಡಲು ಹೋಗಿದ್ದರು, ಹೋಟೆಲ್ ಅಂತ ಹೇಳಿ ತಡೆದೆ.

ಕಣ್ಣು ಮುಚ್ಚಿಕೊಂಡು ಕೊಡಿಸಬಹುದಾದ್ದು ಗೆಣಸಿನ ಉಂಡೆ. ಬೇಯಿಸಿ ಹಿಸುಕಿದ ಗೆಣಸಿಗೆ ಮರಗೆಣಸಿನ ಪುಡಿ, ಸಕ್ಕರೆ ಸೇರಿಸಿ ಗೋಲಿಯಷ್ಟು ಉಂಡೆ ಮಾಡಿ ಎಣ್ಣೆಗೆ ಬಿಡುತ್ತಾರೆ. ತೇಲಿದ ಮೇಲೆ ಜಾಲರಿಯಿಂದ ಬಾಣಲೆಯ ಅಂಚಿಗೆ ಒತ್ತಿ ಹಿಡಿಯುತ್ತಾರೆ, ಚಪ್ಪಟೆ ಆಗುತ್ತದೆ. ಬಿಟ್ಟರೆ ಉಬ್ಬುತ್ತದೆ. ಮತ್ತೆ ಒತ್ತು, ಮತ್ತೆ ಬಿಡು. ಹೀಗೆ ಹತ್ತಾರು ಸಲ ಆದ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡದಾಗುತ್ತದೆ, ಒಳಗೆ ಬರೀ ಗಾಳಿ. ನನ್ನ ಈ ಹೆಸರು ಬಂದಿದ್ದೇ ಅಲ್ಲಿಂದ. ಹೆಚ್ಚಾಗಿ ಆ ಗಾಡಿಯಲ್ಲಿ ಬೇರೆ ಏನೂ ಕರಿಯುವುದಿಲ್ಲ, ಆದರೂ ಬಾಣಲೆ ನೋಡಿ ಕೊಂಡುಕೊಳ್ಳಿ.

ಎಚ್ಚರ ಇರಬೇಕಾದ ಎರಡು ಇವೆ. ಒಂದು, ಕಡ್ಡಿಗೆ ಚುಚ್ಚಿ ಕಡಲೆಕಾಯಿ ಪುಡಿಯಲ್ಲಿ ಹೊರಳಿಸಿದ ಕಪ್ಪು ಕಡುಬು. ನೋಡಲು ಬಹಳ ಚೆನ್ನಾಗಿದೆ. ಅದು ಅಕ್ಕಿಗೆ ಹಂದಿ ರಕ್ತ ಸೇರಿಸಿ ಬೇಯಿಸಿದ್ದು. ಇನ್ನೊಂದು "ಶಾಚಾ" ಅನ್ನುವ ಕಂದು ಸಾಸ್. ಸುಟ್ಟ ಜೋಳಕ್ಕೆ ಅದನ್ನು ಬಳಿಯುವುದುಂಟು. ಅದರಲ್ಲಿ ಒಣಮೀನು, ಒಣ ಸಿಗಡಿ ಎರಡೂ ಇರುತ್ತವೆ.

ಚಿಪ್ಪುಹುಳು

ಅಯ್ಯೋ ದೇವರೇ. ಎರಡು ವರ್ಷದಿಂದ ನಾನು ತಿಂದ ಜೋಳ!

ಕುಡ್ಲದ ಬಂಗುಡೆ

ನಮ್ಮ ಬಳಗಕ್ಕೆ ಸ್ವಾಗತ ತಮ್ಮ.

ರಾಗಿಮುದ್ದೆ ರಂಗ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಯಸ್ಸಾದವರನ್ನು ನೈಟ್ ಮಾರ್ಕೆಟ್‌ಗೆ ಕರೆದುಕೊಂಡು ಹೋಗುವುದು ನಮ್ಮ ಆಸೆಗೆ, ಅವರ ಸುಖಕ್ಕಲ್ಲ. ಕೂರಲು ಜಾಗ ಇಲ್ಲ. ಭುಜಕ್ಕೆ ಭುಜ ತಾಗುವ ಜನ. ಕಸದ ಬುಟ್ಟಿ ಹುಡುಕಿದರೂ ಸಿಗುವುದಿಲ್ಲ, ಖಾಲಿ ಲೋಟ ಕೈಯಲ್ಲಿ ಹಿಡಿದುಕೊಂಡು ಒಂದು ಗಂಟೆ ಸುತ್ತಬೇಕು. ಅಕ್ಕಪಕ್ಕ ಸ್ಕ್ವಿಡ್, ಕೋಳಿ ಕಾಲು ಸುಡುತ್ತಿರುತ್ತಾರೆ.

ಊಟಕ್ಕೆ ಅಂತಾದರೆ ಸು ಬಫೆಗೆ ಹೋಗಿ. ನಲವತ್ತು ಐವತ್ತು ಬಗೆಯ ಪಲ್ಯ ಇಟ್ಟಿರುತ್ತಾರೆ, ಬೇಕಾದ್ದು ತಟ್ಟೆಗೆ ಹಾಕಿಕೊಂಡು ತೂಕ ಮಾಡಿಸಿ ದುಡ್ಡು ಕೊಡುವುದು. ನಮ್ಮ ಅಪ್ಪನಿಗೆ ಇಡೀ ತೈವಾನಿನಲ್ಲಿ ನೆನಪಿರುವುದು ಅದೊಂದೇ. "ಪಲ್ಯ ತೂಗಿ ಮಾರ್ತಾರೆ ಕಣಯ್ಯಾ" ಅಂತ ಹಾಸನದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಆದರೆ ಅಲ್ಲೂ ಒಂದು ಎಡವಟ್ಟಿದೆ. ಸೋಯಾದಲ್ಲಿ ಮಾಡಿದ ನಕಲಿ ಮಾಂಸ. ಥೇಟ್ ಕೋಳಿ ತುಂಡಿನ ಹಾಗೆ ಎಳೆ ಎಳೆಯಾಗಿ ಇರುತ್ತದೆ. ಶುದ್ಧ ಸಸ್ಯಾಹಾರ ಅಂತ ಎಷ್ಟು ಹೇಳಿದರೂ ನಿಮ್ಮ ಅಮ್ಮ ನಂಬುವುದಿಲ್ಲ. ಇನ್ನೊಂದು, ಅವರ ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ ಹೋಗಬೇಡಿ. ಅವತ್ತು ಮಾಂಸ ತಿನ್ನುವವರಲ್ಲೂ ಬಹಳ ಜನ ಸು ಮಾಡುತ್ತಾರೆ, ಸಾಲು ಬೀದಿಗೆ ಬಂದಿರುತ್ತದೆ.

ಗೆಣಸಿನ ಬೋಂಡ

ಅಂದರೆ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು. ರಂಗಣ್ಣ, ಇದನ್ನು ಅವರಮ್ಮನಿಗೆ ಹೇಳಿದರೆ ಅವತ್ತೇ ಹೋಗೋಣ ಅನ್ನುತ್ತಾರೆ!

ಬಫೆ ಮಾತು ಒಪ್ಪಿದೆ. ಆದರೆ ಆ ತಾಯಿ ಕೇಳಿದ್ದು ಊಟ ಅಲ್ಲ, ದೀಪದ ಸಂತೆ. ಮೊದಲು ಬಫೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಆಮೇಲೆ ಸಂತೆ ನೋಡಿದರೆ ಆಯಿತಪ್ಪ.

ತೈನಾನ್ ಪುಟ್ಟಿ

ಎಲ್ಲರೂ ತೈಪೆ ತೈಪೆ ಅನ್ನುತ್ತಿದ್ದೀರಿ. ನಿಜವಾದ ನೈಟ್ ಮಾರ್ಕೆಟ್ ನೋಡಬೇಕಾದರೆ ದಕ್ಷಿಣಕ್ಕೆ ಬನ್ನಿ. ತೈನಾನಿನಲ್ಲಿ ಸಂತೆ ನಮ್ಮೂರಿನ ಹಾಗೆ ವಾರದ ಲೆಕ್ಕ. ಒಂದೊಂದು ದಿನ ಒಂದೊಂದು ಮೈದಾನ. ಅದಕ್ಕೆ ಇಲ್ಲಿನವರು ಒಂದು ಪದ್ಯ ಮಾಡಿಕೊಂಡಿದ್ದಾರೆ: "ದಾ ದಾ ವೂ ಹ್ವಾ ದಾ ವೂ ಹ್ವಾ". ಸೋಮವಾರದಿಂದ ಎಣಿಸಿ. ದಾ ಅಂದರೆ ದಾದುಂಗ್, ವೂ ಅಂದರೆ ವೂಶೆಂಗ್, ಹ್ವಾ ಅಂದರೆ ಹ್ವಾಯುವಾನ್. ಹ್ವಾಯುವಾನ್ ಅಂದರೆ ಹೂದೋಟ. ಗುರುವಾರ, ಭಾನುವಾರ ಅಲ್ಲಿ ಸಂತೆ, ಪದ್ಯದಲ್ಲಿ ಇಲ್ಲದಿದ್ದರೂ ಶನಿವಾರವೂ ಇರುತ್ತದೆ. ಉದ್ದ ಕೋಲಿಗೆ ಕಟ್ಟಿದ ಬಾವುಟಗಳ ಮೇಲೆ ಅಂಗಡಿಯ ಹೆಸರು ಬರೆದು ಎತ್ತರಕ್ಕೆ ನಿಲ್ಲಿಸಿರುತ್ತಾರೆ. ಜನಜಂಗುಳಿಯಲ್ಲಿ ತಲೆ ಎತ್ತಿ ನೋಡಿದರೆ ಸಾಕು, ಯಾವ ಅಂಗಡಿ ಎಲ್ಲಿ ಅಂತ ಗೊತ್ತಾಗುತ್ತದೆ. ಉಳಿದ ದಿನ ಅದು ಬರೀ ಬಯಲು. ಬಳೆ, ಬಟ್ಟೆ, ಬಲೂನಿಗೆ ಗುಂಡು ಹೊಡೆಯುವ ಆಟ, ರಿಂಗ್ ಎಸೆಯುವ ಆಟ ಎಲ್ಲ ಇದೆ. ಸಾಗರದ ಮಾರಿಜಾತ್ರೆ ನೋಡಿದವರಿಗೆ ಹೊಸದು ಅನ್ನಿಸುವುದೇ ಇಲ್ಲ.

ಚಿಪ್ಪುಹುಳು

ಪುಟ್ಟಿ ಮೇಡಂ, ಆಸೆ ಇದೆ, ಆದರೆ ರಜೆ ಇಲ್ಲ. ತೈಪೆ ಆದರೆ ಹೈಸ್ಪೀಡ್ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿನ ಶಿಲಿನ್ ನೈಟ್ ಮಾರ್ಕೆಟ್‌ಗೆ ಹೋಗುವುದು ಅಂತ ಅಂದುಕೊಂಡಿದ್ದೆ. ಅದೇ ದೊಡ್ಡದು ಅಲ್ವಾ?

ಕುಡ್ಲದ ಬಂಗುಡೆ

ಶಿಲಿನ್ ದೊಡ್ಡದು ನಿಜ, ದಾರಿ ತಪ್ಪುವುದೂ ಸುಲಭ. ಇಳಿಯಬೇಕಾದ್ದು ಜಿಯಾಂತಾನ್ ಸ್ಟೇಷನ್. ಹೆಸರು ನೋಡಿ ಶಿಲಿನ್ ಸ್ಟೇಷನ್‌ನಲ್ಲಿ ಇಳಿದು ನಾನು ಮೊದಲ ಸಲ ಎಷ್ಟು ನಡೆದೆ ಗೊತ್ತಾ. ಹೊಸ ಕಟ್ಟಡದ ಒಳಗೆ ತಿಂಡಿ ಅಂಗಡಿ ಮಾಡಿದ್ದಾರೆ, ಕೂರಲು ಕುರ್ಚಿ ಇದೆ. ಆದರೆ ಅಲ್ಲಿ ಕುಳಿತರೆ ಮಾಲ್‌ನಲ್ಲಿ ಕುಳಿತ ಹಾಗೆ. ಮಜಾ ಏನಿದ್ದರೂ ಹೊರಗಿನ ಗಲ್ಲಿಗಳಲ್ಲಿ. ಪರವಾನಗಿ ಇಲ್ಲದವರು ಪೊಲೀಸ್ ಬಂದ ಅಂತ ಕೂಗಿದ ಕೂಡಲೇ ಗಾಡಿ ಸಮೇತ ಓಟ. ಐದು ನಿಮಿಷಕ್ಕೆ ಮತ್ತೆ ಅದೇ ಜಾಗದಲ್ಲಿ ಹಾಜರ್. ಮೆಜೆಸ್ಟಿಕ್ ನೆನಪಾಯಿತು.

ಗೆಣಸಿನ ಬೋಂಡ

ಶಿಲಿನ್ ಬೇಡ. ರಾವ್‌ಹಗೆ ಹೋಗಿ. ಒಂದೇ ನೇರ ಬೀದಿ, ಸುಮಾರು 600 ಮೀಟರ್. ಈ ತುದಿಯಿಂದ ಹೊರಟರೆ ಆ ತುದಿ, ಯಾರೂ ಕಳೆದುಹೋಗುವುದಿಲ್ಲ. ಹಸಿರು ಮೆಟ್ರೋ ಕೊನೆಯ ಸ್ಟೇಷನ್ ಸುಂಗ್‌ಶಾನ್, ಹೊರಗೆ ಬಂದರೆ ಎದುರಿಗೇ ಮಾಜು ದೇವಿಯ ಗುಡಿ. ಸಮುದ್ರಕ್ಕೆ ಹೋದವರನ್ನು ಕಾಯುವ ತಾಯಿ ಅವಳು. ಗುಡಿಯ ಪಕ್ಕದಲ್ಲೇ ಸಂತೆಯ ಬಾಗಿಲು. ಇಲ್ಲಿ ಎಷ್ಟೋ ಸಂತೆ ಹುಟ್ಟಿದ್ದೇ ಹೀಗೆ: ಗುಡಿಗೆ ಜನ ಬರುತ್ತಿದ್ದರು, ಅಂಗಳದಲ್ಲಿ ನಾಟಕ ನಡೆಯುತ್ತಿತ್ತು, ಹಸಿದವರಿಗೆ ಅಂತ ಗಾಡಿಗಳು ಬಂದು ನಿಂತವು. ಶಿಲಿನ್ ನಡುವೆಯೂ ಮಾಜು ಗುಡಿಯೇ ಇದೆ, ಕೀಲುಂಗ್‌ನ ಸಂತೆಗಂತೂ ಗುಡಿಬಾಗಿಲು ಅಂತಲೇ ಹೆಸರು. ರಾವ್‌ಹ ಸಂತೆಯನ್ನು ನಗರದವರು 1987ರಲ್ಲಿ ವ್ಯವಸ್ಥಿತವಾಗಿ ಶುರು ಮಾಡಿದ್ದು, ಗುಡಿ 18ನೇ ಶತಮಾನದ್ದು.

ಬಾಗಿಲಲ್ಲೇ ಮೆಣಸಿನ ಬನ್ನಿನ ಅಂಗಡಿ. ತಂದೂರಿಯ ಹಾಗಿನ ಮಣ್ಣಿನ ಒಲೆಯ ಒಳಗೋಡೆಗೆ ಹಚ್ಚಿ ಸುಡುತ್ತಾರೆ. ಒಳಗೆ ಹಂದಿ ಮಾಂಸ, ಈರುಳ್ಳಿ ಸೊಪ್ಪು. ನಿಮಗಲ್ಲ, ಆದರೆ ಹುಡುಗರ ಕೈ ಓಡುವುದನ್ನು ನಿಂತು ನೋಡಿ. ಸಂಜೆ ಐದಕ್ಕೆಲ್ಲ ಹೋಗಿಬಿಡಿ, ಏಳರ ಮೇಲೆ ರಂಗಣ್ಣ ಹೇಳಿದ ಭುಜಕ್ಕೆ ಭುಜ ನಿಜ. ನೂರರ ನೋಟು, ಚಿಲ್ಲರೆ ಇಟ್ಟುಕೊಳ್ಳಿ.

ಹಳೇ ಮೈಸೂರು

ತಡವಾಗಿ ಬಂದೆ. ತಿಂಡಿ ಬಗ್ಗೆ ಎಲ್ಲ ಹೇಳಿದ್ದಾರೆ, ನನ್ನದು ಒಂದು ತಲೆಹರಟೆ.

ಬೌದ್ಧರು ಬಿಡುವ ಘಾಟು ಪದಾರ್ಥ ಐದು. ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ, ಅದೇ ಜಾತಿಯ ಇನ್ನೆರಡು. ಐದನೆಯದು "ಶಿಂಗ್‌ಚ್ಯು". ಯಾವುದು ಗೊತ್ತಾ? ಹಿಂಗು. ನಮ್ಮ ಇಂಗು! ಸಂಸ್ಕೃತದ ಹೆಸರೇ ಚೀನೀ ನಾಲಿಗೆಯಲ್ಲಿ ಹೀಗಾಗಿದೆ. ಶಾಸ್ತ್ರಗ್ರಂಥದ ಜೊತೆ ಪದ ಹೋಯಿತು, ಅಡುಗೆಮನೆಗೆ ಇಂಗು ಹೋಗಲಿಲ್ಲ. ಈಗ ಇಲ್ಲಿ ಬಹಳ ಜನ ಅದು ದಪ್ಪ ಈರುಳ್ಳಿ ಅಂದುಕೊಂಡಿದ್ದಾರೆ.

ಅಂದರೆ ಬೆಳ್ಳುಳ್ಳಿ ತಿನ್ನಬಾರದು ಅಂತ ಅದರ ಬದಲು ಇಂಗು ಹಾಕುವ ನಮ್ಮ ಸಾರು, ಇಲ್ಲಿನ ಲೆಕ್ಕದಲ್ಲಿ ಮಡಿ ಅಲ್ಲ. ನಿಮ್ಮ ತಾಯಿಗೆ ಹೇಳಬೇಡಿ.

ಚಿಪ್ಪುಹುಳು

ಸರ್, ಈಗಾಗಲೇ ಫೋನಿನಲ್ಲಿ ಹೇಳಿಬಿಟ್ಟೆ. "ಅವರ ಶಾಸ್ತ್ರ ಅವರಿಗೆ, ಇಂಗಿಲ್ಲದೆ ತಿಳಿಸಾರು ಹೇಗೆ ಮಾಡೋದು" ಅಂತ ಫೋನ್ ಇಟ್ಟಳು. ಒಂದು ಡಬ್ಬಿ ತರುತ್ತಾಳಂತೆ.

ಕುಡ್ಲದ ಬಂಗುಡೆ

ಬಬಲ್ ಟೀ ಮರೆಯಬೇಡ. ಆ ಕಪ್ಪು ಗೋಲಿ ಮರಗೆಣಸಿನದ್ದು. ಸಬ್ಬಕ್ಕಿಯೂ ಅದರದ್ದೇ. ಸಬ್ಬಕ್ಕಿ ಪಾಯಸ ಅಂತ ಹೇಳಿ ಕುಡಿಸು. ಇದನ್ನು ಮೊದಲು ಮಾಡಿದ್ದು ಯಾರು ಅಂತ ತೈಚುಂಗ್‌ನ ಒಂದು ಅಂಗಡಿ, ತೈನಾನಿನ ಒಂದು ಅಂಗಡಿ ಹತ್ತು ವರ್ಷ ಕೋರ್ಟಿಗೆ ಅಲೆದವು. 2019ರಲ್ಲಿ ಕೋರ್ಟು, ಇದನ್ನು ಯಾರು ಬೇಕಾದರೂ ಮಾಡಬಹುದು, ತೀರ್ಮಾನ ಯಾಕೆ ಅಂತ ಕೈ ತೊಳೆದುಕೊಂಡಿತು.

ಚಿಪ್ಪುಹುಳು (ಏಳು ವಾರದ ನಂತರ)

ಹೋಗಿ ಬಂದೆವು. ಅಪ್ಪ ಅಮ್ಮ ಊರು ಸೇರಿ ಹದಿನೈದು ದಿನ ಆಯಿತು. ವರದಿ ಒಪ್ಪಿಸುತ್ತಿದ್ದೇನೆ.

ರಾವ್‌ಹಗೆ ಐದು ಗಂಟೆಗೇ ಹೋದೆವು. ಮೊದಲು ಗುಡಿ. ಅಲ್ಲಿ ಜನ ಎರಡು ಮರದ ತುಂಡು ನೆಲಕ್ಕೆ ಬೀಳಿಸುತ್ತಿದ್ದರು. ಅರ್ಧಚಂದ್ರನ ಆಕಾರ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಒಂದು ಚಪ್ಪಟೆ ಒಂದು ಉಬ್ಬು ಬಿದ್ದರೆ ದೇವಿ ಒಪ್ಪಿದಳು ಅಂತ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ "ಗೊತ್ತಾಯ್ತು ಬಿಡು, ಹೂ ಕೇಳೋ ಹಾಗೆ" ಅಂದಳು. ದೇವರ ಮೂರ್ತಿಯಿಂದ ಹೂ ಬಲಕ್ಕೆ ಬೀಳಲಿ ಅಂತ ಕೈ ಮುಗಿದು ಗಂಟೆಗಟ್ಟಲೆ ಕಾದವಳು ಅವಳು. ಇಲ್ಲಿ ತಕ್ಷಣ ಉತ್ತರ ಬರುತ್ತದೆ ಅನ್ನುವುದೇ ಅವಳಿಗೆ ಖುಷಿ. ತಾನೂ ಎರಡು ತುಂಡು ಎತ್ತಿಕೊಂಡು, ಕಣ್ಣು ಮುಚ್ಚಿ ಕನ್ನಡದಲ್ಲೇ ಏನೋ ಕೇಳಿ ಬಿಟ್ಟಳು. ಎರಡೂ ಚಪ್ಪಟೆ ಭಾಗ ಮೇಲಾಗಿ ಬಿದ್ದವು. ಪಕ್ಕದಲ್ಲಿದ್ದ ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕರು. ಹಾಗೆ ಬಿದ್ದರೆ ದೇವಿ ನಗುತ್ತಿದ್ದಾಳೆ ಅಂತ ಅರ್ಥವಂತೆ. ಅಮ್ಮ ಕೇಳಿದ್ದು ನನ್ನ ಮದುವೆ ಯಾವಾಗ ಅಂತ.

ತೋಫು ವಾಸನೆಗೆ ವಾಂತಿ ಗೀಂತಿ ಏನೂ ಆಗಲಿಲ್ಲ. ನಾನೇ ಮೂಗು ಮುಚ್ಚಿಕೊಂಡಿದ್ದೆ. ಅವಳು ಒಂದು ಸಲ ಮೂಸಿ, "ಕಳಲೆ ನೆನೆಸಿದ ನೀರು ಮೂರನೇ ದಿನ ಚೆಲ್ಲುವಾಗ ಬರ್ತದಲ್ಲ, ಅದೇ" ಅಂತ ಮುಂದೆ ನಡೆದಳು. ಆಫೀಸಿನ ಗೆಳೆಯನಿಗೆ ಮಲೆನಾಡಿನ ಅಡುಗೆಮನೆ ಗೊತ್ತಿಲ್ಲ ಪಾಪ.

ಬೋಂಡ ಅಕ್ಕ, ನೀವು ಹೇಳಿದ್ದು ನೆನಪಿದ್ದದ್ದಕ್ಕೆ ಬದುಕಿದೆ. ಆ ಕಪ್ಪು ಕಡುಬಿನ ಗಾಡಿ ಮುಂದೆಯೇ ನಿಂತು "ಇದು ಎಷ್ಟು ಚೆಂದ ಇದೆ, ಒಂದು ಕೊಡ್ಸು" ಅಂದಳು. ಕೈ ಹಿಡಿದು ಎಳೆದುಕೊಂಡು ಹೋದೆ. ಯಾಕೆ ಅಂತ ಇವತ್ತಿನವರೆಗೂ ಹೇಳಿಲ್ಲ.

ಗೆಣಸಿನ ಉಂಡೆ ಎರಡು ಪೊಟ್ಟಣ ಖಾಲಿ. ಇನ್ನೊಂದು ತಿನಿಸಿನ ಬಗ್ಗೆ ಇಲ್ಲಿ ಯಾರೂ ಹೇಳಿರಲಿಲ್ಲ, ಆದರೆ ಅಮ್ಮ ಮನಸೋತಿದ್ದು ಅದಕ್ಕೆ. ಒಬ್ಬ ಮುದುಕ, ಮುಂದೆ ಇಟ್ಟಿಗೆಗಿಂತ ದೊಡ್ಡ ಕಡಲೆಕಾಯಿ ಚಿಕ್ಕಿ. ಬಡಗಿಗಳು ಹಲಗೆ ನುಣುಪು ಮಾಡುವ ಕೀಸುಳಿ ಇರುತ್ತದಲ್ಲ, ಅದರಿಂದ ಚಿಕ್ಕಿಯನ್ನು ಸರಕ್ ಸರಕ್ ಅಂತ ಕೀಸುತ್ತಾನೆ. ಮರದ ಹೊಟ್ಟಿನ ಹಾಗೆ ಪುಡಿ ಉದುರುತ್ತದೆ. ಒಬ್ಬಟ್ಟಿಗಿಂತ ತೆಳುವಾದ ಮೈದಾ ಹಾಳೆ ಹಾಸಿ, ಆ ಪುಡಿ ಹರಡಿ, ಕೆಸುವಿನ ಗೆಡ್ಡೆಯ ಐಸ್‌ಕ್ರೀಮ್ ಎರಡು ಉಂಡೆ ಇಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ, ಪತ್ರೊಡೆ ಸುತ್ತಿದ ಹಾಗೆ ಸುತ್ತಿ ಕೈಗೆ ಕೊಡುತ್ತಾನೆ. ಮೊಟ್ಟೆ ಇಲ್ಲ ಅಂತ ಎರಡು ಸಲ ಕೇಳಿಕೊಂಡೆ. ಐಸ್‌ಕ್ರೀಮಿಗೆ ಕೊತ್ತಂಬರಿ ಸೊಪ್ಪು! ನಾನು ಬೇಡ ಅಂದೆ, ಅಮ್ಮ ಇನ್ನೂ ಸ್ವಲ್ಪ ಹಾಕಿಸಿಕೊಂಡಳು. ತಿಂದ ಮೇಲೂ ಅಲ್ಲಿಂದ ಕದಲಲಿಲ್ಲ. ಕಾಲು ಗಂಟೆ ಕೀಸುವುದನ್ನೇ ನೋಡಿದಳು. ಕೊನೆಗೆ ಆತನೇ ಕೀಸುಳಿಯನ್ನು ಅವಳ ಕಡೆ ತಿರುಗಿಸಿ ಅಲಗು ತೋರಿಸಿದ.

ಮರುದಿನ ನಿಂಗ್‌ಶ್ಯಾ ಸಂತೆಯಲ್ಲಿ ಒಂದು ಎಡವಟ್ಟಾಯಿತು. ಕೆಸುವಿನ ಗೆಡ್ಡೆಯ ಕರಿದ ಉಂಡೆ ಅಂತ ಕೊಂಡೆ. ಅದರಲ್ಲಿ ಎರಡು ಬಗೆ ಇದೆ ಅಂತ ಆಮೇಲೆ ಗೊತ್ತಾಯಿತು. ಬರೀ ಗೆಡ್ಡೆಯದ್ದು ಒಂದು, ಒಳಗೆ ಉಪ್ಪು ಹಾಕಿದ ಮೊಟ್ಟೆಯ ಹಳದಿ, ಹಂದಿ ಮಾಂಸದ ಒಣ ಎಳೆ ಇಟ್ಟದ್ದು ಇನ್ನೊಂದು. ಅಮ್ಮ ಹೊಟ್ಟೆ ತುಂಬಿದೆ ಅಂದಿದ್ದಕ್ಕೆ ಬಚಾವ್. ಅಪ್ಪ ಪೂರ್ತಿ ತಿಂದು, "ಒಳಗೆ ಕೊಬ್ಬರಿ ತುರಿ ಇಟ್ಟಿದ್ದಾನೆ, ಭಾರಿ ರುಚಿ, ಇನ್ನೊಂದು ತಗೋ" ಅಂದರು. ತಗೊಂಡೆ. ಏನು ಮಾಡಲಿ?

ರಾಗಿಮುದ್ದೆ ರಂಗ

ನನ್ನ ಮಾತು ವಾಪಸ್ ತಗೊಂಡೆ. ಕಾಲುನೋವು ಬರಲಿಲ್ವಾ ಅಮ್ಮನಿಗೆ?

ಚಿಪ್ಪುಹುಳು

ಬಂತು. ಗುಡಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಳು. ಆ ನಕ್ಕ ಅಜ್ಜಿ ಪಕ್ಕದಲ್ಲೇ ಇದ್ದರು. ಒಬ್ಬರಿಗೊಬ್ಬರ ಭಾಷೆ ಬರುವುದಿಲ್ಲ, ಮೊಣಕಾಲು ತೋರಿಸಿಕೊಂಡು ಮಾತಾಡಿದರು.

ಈಗ ಹೊಸ ತಲೆನೋವು. ಸಾಗರದಲ್ಲಿ ಬಡಗಿಗೆ ಹೇಳಿ ಹೊಸ ಕೀಸುಳಿ ತರಿಸಿಕೊಂಡಿದ್ದಾಳೆ. ಬೆಲ್ಲ ಹಾಕಿ ಚಿಕ್ಕಿ ಮಾಡಿ ಕೀಸಿದರೆ ಪುಡಿ ಬರದೆ ತುಂಡು ತುಂಡಾಗಿ ಮುರಿಯುತ್ತಿದೆಯಂತೆ. ಆತ ಏನು ಹಾಕುತ್ತಾನೆ ಕೇಳಿ ಹೇಳು ಅಂತ ದಿನಾ ಫೋನ್.

ಗೆಣಸಿನ ಬೋಂಡ

ಬೆಲ್ಲ ಅಲ್ಲ ಮಾರಾಯ್ರೇ. ಮಾಲ್ಟ್ ಸಕ್ಕರೆ. ಗೋಧಿಯನ್ನು ಮೊಳಕೆ ಬರಿಸಿ ಅರೆದು, ಬೇಯಿಸಿದ ಅಂಟಕ್ಕಿಗೆ ಕಲಸಿ ಬೆಚ್ಚಗೆ ಇಟ್ಟರೆ ಸಿಹಿ ನೀರು ಬಿಡುತ್ತದೆ. ಅದನ್ನು ಸೋಸಿ ಜೇನಿನ ಹದಕ್ಕೆ ಕಾಯಿಸುವುದು.

ಚಿಪ್ಪುಹುಳು

ಹೇಳಿದೆ. ಗೋಧಿ ನೆನೆಹಾಕಿದ್ದಾಳೆ. ಮೊಳಕೆ ಎಷ್ಟು ಉದ್ದ ಬರಬೇಕು ಅಂತ ಕೇಳುತ್ತಿದ್ದಾಳೆ.